ಕುಂದು ಮೊದಲು, ಮನೆ ಆಮೇಲೆ

ತಿರುಮಲೇಶ್ವರ ಭಟ್ಟರು ಯಾರಿಗೆ ಏನನ್ನು ಕೊಟ್ಟರೂ ಅದರ ಕುಂದನ್ನು ಮೊದಲು ಕೊಡುತ್ತಿದ್ದರು. ವಸ್ತು ಆಮೇಲೆ ಬರುತ್ತಿತ್ತು. ಮಾವಿನಹಣ್ಣನ್ನು ಹೆಚ್ಚಿ ತಟ್ಟೆಯಲ್ಲಿಟ್ಟು ಅತಿಥಿಯ ಮುಂದೆ ಚಾಚುವಾಗ, "ಮೊದಲೇ ಹೇಳಿಬಿಡ್ತೇನೆ, ತೊಟ್ಟಿನ ಹತ್ತಿರ ಸ್ವಲ್ಪ ಹುಳಿ ಉಂಟು" ಎನ್ನುವರು. ಕುರ್ಚಿ ಎಳೆದುಕೊಟ್ಟರೆ ಅದರ ಹಿಂದಿನ ಕಾಲೊಂದು ಸಡಿಲವಾಗಿರುವ ಸಂಗತಿಯನ್ನು ತಿಳಿಸಿ, ಕೂರಹೊರಟವನು ಅರ್ಧ ಬಗ್ಗಿದ ಭಂಗಿಯಲ್ಲೇ ಸ್ತಬ್ಧನಾಗಿ ನಿಲ್ಲುವಂತೆ ಮಾಡುವರು. ಹೆಣ್ಣು ನೋಡಲು ನೀರ್ಚಾಲಿನ ಮನೆಗೆ ಹೋಗಿದ್ದಾಗ, ತಿಂಡಿಯ ತಟ್ಟೆ ಇನ್ನೂ ಕೈಗೆ ಬರುವ ಮುಂಚೆಯೇ ಭಾವಿ ಮಾವನವರನ್ನು ನೋಡಿ, "ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ನನಗೆ ಯಾರ ಹತ್ತಿರವೂ ಮಾತಾಡಲಿಕ್ಕೆ ಆಗುದಿಲ್ಲ. ಅದನ್ನು ಸಿಟ್ಟು ಅಂತ ತಿಳಿಯಬಾರದು" ಎಂದರಂತೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪರಮೇಶ್ವರಿಗೆ ನಗು ತಡೆಯಲಾಗಲಿಲ್ಲ. "ಆ ನಗೆಯನ್ನೇ ಒಪ್ಪಿಗೆ ಅಂತ ಎಲ್ಲರೂ ತಿಳಿದುಕೊಂಡರು. ನಾನೂ ಅಲ್ಲ ಅನ್ನಲಿಲ್ಲ" ಎಂದು ಅವರೇ ನನಗೊಮ್ಮೆ ಹೇಳಿದ್ದರು.

ಭಟ್ಟರನ್ನು ನಾನು ಮೊದಲು ಕಂಡದ್ದು ಎರ್ನಾಕುಳಂನ ಕನ್ನಡ ಸಂಘದ ಒಂದು ಸಭೆಯಲ್ಲಿ. ಎದುರುಗಾಳಿಗೆ ನಡೆಯುವವರಂತೆ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು, ಬಿಳಿ ಪಂಚೆಯ ಮೇಲೆ ಕಪ್ಪು ಕೋಟು ತೊಟ್ಟು ಅವರು ಸಭಾಂಗಣದೊಳಕ್ಕೆ ಬಂದ ದೃಶ್ಯ ಇಂದಿಗೂ ನನ್ನ ಕಣ್ಣ ಮುಂದಿದೆ. ಮೇ ತಿಂಗಳ ಕೊಚ್ಚಿಯಲ್ಲಿ, ಬನಿಯನ್ನೇ ಭಾರವೆನಿಸುವ ಸೆಕೆಯಲ್ಲಿ, ಆ ಕೋಟು! ಅದು ಅವರು ಯೌವನದಲ್ಲಿ ಕಾಸರಗೋಡಿನಲ್ಲಿ ಎರಡು ವರ್ಷ ನಡೆಸಿದ ವಕೀಲಿಕೆಯ ಏಕೈಕ ಗಳಿಕೆ. ಆ ವೃತ್ತಿ ಅವರಿಗೆ ಒಗ್ಗಲಿಲ್ಲ. ಕಕ್ಷಿಗಾರ ತನ್ನ ಕಷ್ಟವನ್ನು ಹೇಳಿ ಮುಗಿಸುವ ಮೊದಲೇ ಅವನ ಕೇಸಿನ ದೌರ್ಬಲ್ಯವನ್ನು ಅವನಿಗೆ ಮನಗಾಣಿಸಿಬಿಡುತ್ತಿದ್ದರು. ಒಮ್ಮೆ ನ್ಯಾಯಾಧೀಶರಿಗೂ ಮನಗಾಣಿಸಿದರು. ಅಲ್ಲಿಂದ ಮುಂದೆ ಕಕ್ಷಿಗಾರರು ಅವರ ಜಗಲಿ ಹತ್ತಲಿಲ್ಲ. ಕಾಸರಗೋಡಿನ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿರುತ್ತಿದ್ದುದರಿಂದ ಅವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವೊಂದು ಎರ್ನಾಕುಳಂನ ಹೈಕೋರ್ಟಿನಲ್ಲಿ ಸಿಕ್ಕಿತು. ಅಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೇ ಸಂಬಳ. ಭಟ್ಟರು ಇಪ್ಪತ್ತು ವರ್ಷ ಸುಖವಾಗಿದ್ದರು.

ತ್ರಿಪ್ಪುಣಿತ್ತುರದ ಒಂದು ಗಲ್ಲಿಯಲ್ಲಿ ಅವರು ಮನೆ ಕಟ್ಟಿಸಿಕೊಂಡಿದ್ದರು. ಹೆಂಚಿನ ಮಾಡು, ಮುಂದೆ ಎತ್ತರದ ಜಗಲಿ, ಹಿಂದೆ ಬಾವಿ, ಬಾವಿಯ ಆಚೆಯಿಂದ ಮಾಡಿನ ಮೇಲಕ್ಕೆ ಚಾಚಿದ ನೆರೆಮನೆಯ ಹಲಸಿನ ಮರ. ತೊಂಬತ್ತಮೂರರಲ್ಲಿ ಕೇಂದ್ರ ಸರಕಾರದ ಲೆಕ್ಕಪತ್ರ ಕಚೇರಿಯಲ್ಲಿದ್ದ ಪರಮೇಶ್ವರಿಯವರಿಗೆ ಬಡ್ತಿಯಾಗಿ ತಿರುವನಂತಪುರಕ್ಕೆ ವರ್ಗವಾಯಿತು. ಮಗಳು ಅಶ್ವಿತಾಳಿಗೂ ಅಲ್ಲಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಭಟ್ಟರು ಸ್ವಯಂನಿವೃತ್ತಿ ಪಡೆಯುವುದೆಂದೂ, ತ್ರಿಪ್ಪುಣಿತ್ತುರದ ಮನೆ ಮಾರಿ ತಿರುವನಂತಪುರದಲ್ಲೇ ಒಂದನ್ನು ಕೊಳ್ಳುವುದೆಂದೂ ನಿಶ್ಚಯವಾಯಿತು. ತಾಯಿ ಮಗಳು ಮುಂದಾಗಿ ಹೋಗಿ ಕರಮನದಲ್ಲಿ ಒಂದು ಮಹಡಿಯನ್ನು ಬಾಡಿಗೆಗೆ ಹಿಡಿದರು. "ಓಣಕ್ಕೆ ಮುಂಚೆ ಮಾರಿ ಬಂದುಬಿಡ್ತೇನೆ" ಎಂದು ಭಟ್ಟರು ರೈಲ್ವೆ ನಿಲ್ದಾಣದಲ್ಲಿ ಭರವಸೆ ಕೊಟ್ಟರು.

ಆ ವಾರದಲ್ಲೇ ಬ್ರೋಕರ್ ನಿತ್ಯಾನಂದ ಪೈಗಳು ಸ್ಕೂಟರಿನಲ್ಲಿ ಬಂದಿಳಿದರು. ಮಟ್ಟಾಂಚೇರಿಯಲ್ಲಿ ಹುಟ್ಟಿ ಬೆಳೆದ ಕೊಂಕಣಿಯವರಾದರೂ ತಾಯಿಯ ಊರು ಕಾರ್ಕಳವಾದ್ದರಿಂದ ಅವರಿಗೆ ಕನ್ನಡ ಸಲೀಸು. ಗುಂಡಗಿನ ದೇಹ, ದವಡೆಯಲ್ಲಿ ಸದಾ ಒಂದು ಲವಂಗ, ಲವಂಗದಷ್ಟೇ ಘಮಘಮಿಸುವ ಮಾತು.

"ಭಟ್ರೇ, ಮನೆ ಮಾರುದು ಮಗಳನ್ನು ಕೊಟ್ಟ ಹಾಗೆ. ಹೆತ್ತ ಅಪ್ಪ ನಡುವೆ ಬಾಯಿ ಹಾಕಬಾರದು. ನನಗೆ ಬಿಡಿ, ನೂರಕ್ಕೆ ಎರಡು ಕೊಡಿ, ನೀವು ಆರಾಮ ತಿರುವನಂತಪುರದಲ್ಲಿ ಕೂತುಕೊಳ್ಳಿ."

ಭಟ್ಟರು ಬೆನ್ನ ಹಿಂದಿನ ಕೈಗಳನ್ನು ಬಿಡಿಸಲಿಲ್ಲ. "ಪೈಗಳೇ, ಈ ಮನೆಯಲ್ಲಿ ನೀವು ಒಂದು ರಾತ್ರಿ ಮಲಗಿದವರಲ್ಲ, ಈ ಬಾವಿಯಿಂದ ಒಂದು ಕೊಡ ನೀರು ಸೇದಿದವರಲ್ಲ. ನೀವು ಇದರ ಬಗ್ಗೆ ಎಂತ ಹೇಳಿದರೂ ಅದು ಕಾಣದ್ದಕ್ಕೆ ಹೇಳಿದ ಸಾಕ್ಷಿ. ನನ್ನ ಮನೆ ನಾನೇ ಮಾರುತ್ತೇನೆ."

"ಮಾರಿ, ಮಾರಿ. ಆಗದಿದ್ದರೆ ಹೇಳಿ ಕಳಿಸಿ" ಎಂದು ಪೈಗಳು ನಗುತ್ತಲೇ ಸ್ಕೂಟರು ಒದ್ದರು.

ಮರುದಿನ ಗೇಟಿನ ಮೇಲೆ ಮಲಯಾಳದಲ್ಲಿ ಫಲಕ ಏರಿತು: 'ವೀಡು ವಿಲ್ಪನಯ್ಕ್. ಬ್ರೋಕರ್‌ಮಾರ್ ವೇಂಡ.' ಮನೆ ಮಾರಾಟಕ್ಕಿದೆ, ದಲ್ಲಾಳಿಗಳು ಬೇಡ ಎಂಬ ಈ ಘೋಷಣೆಯನ್ನು ಓದಿದ್ದೇ ತಡ, ಆಸುಪಾಸಿನ ದಲ್ಲಾಳಿಗಳೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಬಾಗಿಲು ತಟ್ಟಿದರು. ಭಟ್ಟರು ಎಲ್ಲರಿಗೂ ಚಹಾ ಕೊಟ್ಟು, ಫಲಕವನ್ನು ಇನ್ನೊಮ್ಮೆ ಓದಿಸಿ, ಕಳಿಸಿದರು. ಪತ್ರಿಕೆಗೆ ಜಾಹೀರಾತನ್ನೂ ಸ್ವತಃ ಬರೆದರು. ಮಳೆಗಾಲದಲ್ಲಿ ಹಿಂದಿನ ಅಂಗಳದಲ್ಲಿ ನೀರು ನಿಲ್ಲುವುದು, ಬಾವಿಯ ನೀರಿಗೆ ತುಸು ಕಬ್ಬಿಣದ ರುಚಿಯಿರುವುದು, ಪಶ್ಚಿಮದ ಕಿಟಕಿ ಪೂರ್ತಿ ಮುಚ್ಚದಿರುವುದು, ಇಷ್ಟೂ ಅದರಲ್ಲಿತ್ತು. ಪತ್ರಿಕಾ ಕಚೇರಿಯ ಗುಮಾಸ್ತ ಅದನ್ನು ಎರಡು ಸಲ ಓದಿ ತಲೆಯೆತ್ತಿ, "ಸಾರೇ, ಇದು ವೀಡು ವಿಲ್ಕಾನಾಣೋ, ಅತೋ ಕೇಸು ಕೊಡುಕ್ಕಾನಾಣೋ?" ಎಂದು ಕೇಳಿದನಂತೆ. ಮನೆ ಮಾರಲಿಕ್ಕೋ, ಮನೆಯ ಮೇಲೆ ದಾವೆ ಹೂಡಲಿಕ್ಕೋ ಎಂಬ ಆ ಪ್ರಶ್ನೆಯನ್ನು ಭಟ್ಟರು ನನಗೆ ಹೇಳುವಾಗಲೂ ಅವರ ಮುಖದಲ್ಲಿ ನಗೆಯಿರಲಿಲ್ಲ. "ಕಾನೂನು ಗೊತ್ತಿಲ್ಲ ಪಾಪ" ಎಂದರು. ಸ್ವತ್ತು ವರ್ಗಾವಣೆಯ ಕಾಯಿದೆಯಲ್ಲಿ ಐವತ್ತೈದನೆಯ ಕಲಮಿದೆ. ಕೊಳ್ಳುವವನ ಕಣ್ಣಿಗೆ ಸಹಜವಾಗಿ ಬೀಳದ ದೋಷವನ್ನು ಮಾರುವವನು ತಾನಾಗಿ ತಿಳಿಸತಕ್ಕದ್ದೆಂದು ಅದು ಹೇಳುತ್ತದೆ. ದೇಶದಲ್ಲಿ ಆ ಕಲಮನ್ನು ಹೃದಯದಲ್ಲಿಟ್ಟುಕೊಂಡು ಮನೆ ಮಾರಹೊರಟವರು ಭಟ್ಟರೊಬ್ಬರೇ ಇರಬೇಕು.

ಆದರೂ ಜನ ಬಂದರು, ಕುತೂಹಲಕ್ಕಾದರೂ ಬಂದರು. ಭಟ್ಟರು ಅವರನ್ನು ಜಗಲಿಯಿಂದ ಹಿತ್ತಿಲವರೆಗೆ ಕರೆದೊಯ್ದು ಒಂದೊಂದೇ ಊನವನ್ನು ದೇಗುಲದ ಶಿಲ್ಪ ತೋರಿಸುವವರ ಶ್ರದ್ಧೆಯಿಂದ ತೋರಿಸುವರು. "ಈ ಮೂಲೆಯಲ್ಲಿ ಗೆದ್ದಲು ಒಮ್ಮೆ ಬಂದಿತ್ತು, ಈಗ ಇಲ್ಲ, ಆದರೆ ಅದಕ್ಕೆ ದಾರಿ ಗೊತ್ತುಂಟು." "ದೇವಸ್ಥಾನದ ವೃಶ್ಚಿಕೋತ್ಸವದ ಸಮಯದಲ್ಲಿ ಚೆಂಡೆಯ ಶಬ್ದ ಇಲ್ಲಿಯ ತನಕ ಬರ್ತದೆ, ನಿದ್ದೆಯ ಆಸೆ ಇಟ್ಟುಕೊಳ್ಳಬೇಡಿ." ನೋಡಲು ಬಂದವರು ಮನೆ ಕೊಳ್ಳುವ ಯೋಚನೆಯನ್ನು ಹಿತ್ತಿಲಲ್ಲೇ ಬಿಟ್ಟು, ಜಗಲಿಗೆ ಬಂದು ಕೂತು, ಕಾಫಿ ಕುಡಿದು, ತಮ್ಮ ಮನೆ ಸಮಾಚಾರವನ್ನೆಲ್ಲ ಹೇಳತೊಡಗುವರು. ತನ್ನ ಸರಕನ್ನು ತಾನೇ ತೆಗಳುವ ಮನುಷ್ಯನೆದುರು ಯಾರಿಗೂ ಜಾಗರೂಕರಾಗಿರಬೇಕೆನಿಸುತ್ತಿರಲಿಲ್ಲ.

ಇಲ್ಲಿಂದಲೇ ವಿಷಯ ವಿಚಿತ್ರವಾದ ತಿರುವು ಪಡೆದದ್ದು. ಸುಭದ್ರಾ ಟೀಚರ್ ಎಂಬವರು ಮಂಡಿ ನೋವಿನ ತಾಯಿಗಾಗಿ ಮನೆ ಹುಡುಕುತ್ತ ಬಂದರು. ಭಟ್ಟರು ತಮ್ಮ ಜಗಲಿಯ ಎತ್ತರದ ಮೆಟ್ಟಿಲುಗಳನ್ನು ತೋರಿಸಿ, "ಇದು ನಿಮಗೆ ಆಗುವ ಮನೆಯೇ ಅಲ್ಲ" ಎಂದು ಖಂಡತುಂಡವಾಗಿ ಹೇಳಿದರು. ಅಷ್ಟಕ್ಕೇ ನಿಲ್ಲದೆ ಕೋಟು ಹಾಕಿಕೊಂಡು ಅವರೊಡನೆ ಹೊರಟು, ಎರಡು ಗಲ್ಲಿಯಾಚೆ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಮಾರಬೇಕೆಂದಿದ್ದ ನೆಲಮಟ್ಟದ ಮನೆಯನ್ನು ತೋರಿಸಿದರು. ಆ ಮನೆಯ ಕುಂದುಗಳನ್ನೂ ಮಾಲೀಕರ ಸಮಕ್ಷಮದಲ್ಲೇ ಹೇಳಿದರು. ಟೀಚರ್ ಆ ಮನೆಯನ್ನು ಕೊಂಡರು. ನಿಶ್ಶಬ್ದ ಬೇಕೆಂದ ಬ್ಯಾಂಕಿನ ದಂಪತಿಗಳಿಗೆ ಏರೂರಿನ ಹೊಲದಂಚಿನಲ್ಲಿ ಮನೆ ಸಿಕ್ಕಿತು, ಭಟ್ಟರಿಂದಲೇ. ನೌಕಾದಳದಿಂದ ನಿವೃತ್ತರಾದ ಒಬ್ಬರಿಗೂ ಹಾಗೆಯೇ. ಓಣ ಬಂತು, ಹೋಯಿತು. ಬ್ರೋಕರು ಬೇಡವೆಂದು ಫಲಕ ಹಾಕಿದ ಮನುಷ್ಯ ಊರವರ ಮನೆಗಳನ್ನು ಒಂದೊಂದಾಗಿ ದಾಟಿಸುತ್ತಿದ್ದರು, ಅವರದು ಮಾತ್ರ ಇದ್ದಲ್ಲೇ ಇತ್ತು. ಹೊಸ ಮನೆಗೆ ಹಾಲುಕ್ಕಿಸಿದವರು ತಂದುಕೊಟ್ಟ ಉಣ್ಣಿಯಪ್ಪಗಳನ್ನು ಭಟ್ಟರೊಬ್ಬರೇ ತಿಂದು ಮುಗಿಸಲಾಗದೆ ಪಾಲಾರಿವಟ್ಟಂನ ನನ್ನ ಮನೆಗೂ ತರುತ್ತಿದ್ದರು. "ಎಣ್ಣೆ ಸ್ವಲ್ಪ ಹೆಚ್ಚಾಗಿದೆ" ಎಂದೇ ಡಬ್ಬಿ ತೆರೆಯುತ್ತಿದ್ದರು.

ನಿತ್ಯಾನಂದ ಪೈಗಳು ದಾರಿಯಲ್ಲಿ ಅಡ್ಡ ನಿಲ್ಲಿಸಿ ಗೋಗರೆದರಂತೆ: "ಭಟ್ರೇ, ನೀವು ಕಮಿಷನ್ನಾದರೂ ತೆಗೆದುಕೊಳ್ಳಿ! ಕಮಿಷನ್ ಮುಟ್ಟದ ಬ್ರೋಕರ್ ಒಬ್ಬ ಊರಲ್ಲಿ ಉಂಟು ಅಂತಾದರೆ ನಾವೆಲ್ಲ ಮಣ್ಣು ತಿನ್ನಬೇಕಾ?"

"ನಾನು ಬ್ರೋಕರ್ ಅಲ್ಲ" ಎಂದು ಭಟ್ಟರು ನಿಜವಾಗಿಯೂ ನೊಂದುಕೊಂಡರು.

ತುಲಾ ಮಾಸದ ಗುಡುಗುಮಳೆಯ ಒಂದು ಶನಿವಾರ, ಮುಂಚಿತವಾಗಿ ತಿಳಿಸದೆ, ಪರಮೇಶ್ವರಿ ಮಗಳೊಡನೆ ತಿರುವನಂತಪುರದಿಂದ ಬಂದಿಳಿದರು. ಅಂಗಳದಲ್ಲಿ ಎರಡು ಜೊತೆ ಅಪರಿಚಿತ ಚಪ್ಪಲಿ. ಒಳಗಿನಿಂದ ಗಂಡನ ಧ್ವನಿ. ನೋಡಲು ಬಂದವರಿಗೆ ಅವರು ಬಾವಿಯ ನೀರಿನ ಚರಿತ್ರೆ ಹೇಳುತ್ತಿದ್ದರು. ಪರಮೇಶ್ವರಿ ಜಗಲಿಯಲ್ಲೇ ಬ್ಯಾಗು ಇಳಿಸಿ ಕೊನೆಯವರೆಗೆ ಕೇಳಿಸಿಕೊಂಡರು. ಬಂದವರು ಕೈಮುಗಿದು ಹೋದ ಮೇಲೆ ಒಳಗೆ ಬಂದರು.

"ಬಾವಿ ನೀರಲ್ಲಿ ಕಬ್ಬಿಣದ ವಾಸನೆ ಉಂಟು ಅಂತ ಈ ಮನೆಗೆ ಬಂದ ವರ್ಷವೇ ನಾನು ಹೇಳಿದ್ದೆ. ನೀವು ಎಂತ ಹೇಳಿದ್ದು? ನಿನ್ನ ಮೂಗಿನ ದೋಷ ಅಂತ. ಪಶ್ಚಿಮದ ಕಿಟಕಿ ಮುಚ್ಚುದಿಲ್ಲ ಅಂದೆ. ಮುಚ್ಚಲಿಕ್ಕೆ ಗೊತ್ತಿರಬೇಕು ಅಂದ್ರಿ. ನನ್ನ ಹತ್ತಿರ ಒಂದನ್ನೂ ಒಪ್ಪದವರು ಈಗ ಗುರುತು ಪರಿಚಯ ಇಲ್ಲದವರ ಹತ್ತಿರ ಎಲ್ಲ ಒಪ್ಪುತ್ತೀರಲ್ಲ!"

ಭಟ್ಟರು ತಬ್ಬಿಬ್ಬಾದರು. "ಅದು ಹಾಗಲ್ಲ. ಮಾರುವವ ದೋಷ ಹೇಳಬೇಕು ಅಂತ ಐವತ್ತೈದನೆಯ ಕಲಮಿನಲ್ಲಿ..."

"ಹೆಂಡತಿ ಹತ್ತಿರ ಹೇಳಬಾರದು ಅಂತ ಯಾವ ಕಲಮಿನಲ್ಲಿ ಉಂಟು?"

"ಅಮ್ಮ ಜಯಿಚ್ಚು" ಎಂದಳು ಅಶ್ವಿತಾ. ಅಮ್ಮನೇ ಗೆದ್ದಳೆಂದು ತೀರ್ಪು ಕೊಟ್ಟು, ಮುಂದಿನ ವಾದ ತನಗೆ ಬೇಡವೆಂಬಂತೆ ಒಳಗೆ ಹೋದಳು.

ಅವಳು ಹೋದ ಮೇಲೆ ಪರಮೇಶ್ವರಿ ಸ್ವರ ತಗ್ಗಿಸಿದರು. "ನಿಜ ಹೇಳಿ. ನಿಮಗೆ ಅಲ್ಲಿಗೆ ಬರುವ ಮನಸ್ಸು ಉಂಟಾ, ಇಲ್ಲವಾ?"

ಎಲ್ಲದರ ಕುಂದನ್ನೂ ಕೇಳುವ ಮುಂಚೆಯೇ ಹೇಳುವ ಮನುಷ್ಯ ಅಂದು ಕೇಳಿದ ಮೇಲೂ ಮೊದಲು ಎದ್ದು ಹೋಗಿ ಪಶ್ಚಿಮದ ಕಿಟಕಿಯನ್ನು ಎಳೆದು ನೋಡಿದರು. ಹೊರಗೆ ನೆರೆಮನೆಯ ಹಲಸಿನ ಎಲೆಗಳಿಂದ ಮಳೆಯ ಹನಿ ತೊಟ್ಟಿಕ್ಕುತ್ತಿತ್ತು.

"ಹೋದ ಸಲ ಅಲ್ಲಿಗೆ ಬಂದಾಗ ನಿನ್ನ ಆಫೀಸಿನವರು ನನ್ನನ್ನು ಹೇಗೆ ಪರಿಚಯ ಮಾಡಿಸಿದ್ದು ಗೊತ್ತುಂಟಾ? ಪರಮೇಶ್ವರಿ ಮೇಡಮ್ಮಿನ ಗಂಡ ಅಂತ. ತಪ್ಪೇನಿಲ್ಲ, ನಿಜವೇ. ಆದರೆ ಇಲ್ಲಿ ಹಾಲಿನವನಿಂದ ಹಿಡಿದು ಎಲ್ಲರಿಗೂ ನಾನು ಭಟ್ ಸಾರ್. ಅಲ್ಲಿ ಕೆಲಸವೂ ಇಲ್ಲ, ಗುರುತೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಮಹಡಿಯಲ್ಲಿ ನಾನು ಎಂತ ಮಾಡುದು?"

"ನಾನು ಇಷ್ಟು ವರ್ಷ ಭಟ್ ಸಾರಿನ ಹೆಂಡತಿ ಆಗಿ ಇದ್ದೆನಲ್ಲ, ನನಗೆಂತ ಆಯಿತು?" ಎಂದರು ಪರಮೇಶ್ವರಿ. ಹಾಗೆಂದವರು ಗಂಡನ ಮುಖ ನೋಡಿ ಮೆತ್ತಗಾದರು. "ಕೇಳಿ. ಅಲ್ಲಿ ಆಫೀಸಿಂದ ಬಂದರೆ ಮಾತಾಡಲಿಕ್ಕೆ ಒಂದು ಜನ ಇಲ್ಲ. ಇವಳು ಏನು ಕೇಳಿದರೂ ಮಲಯಾಳದಲ್ಲಿ ಎರಡು ಶಬ್ದ ಹೇಳಿ ರೂಮಿಗೆ ಹೋಗ್ತಾಳೆ. ನೀವು ಬೆಳಿಗ್ಗೆ ಒಂದು ಗಂಟೆ ಮಾತಾಡದಿದ್ದರೂ ಅಡ್ಡಿಯಿಲ್ಲ. ಸಂಜೆಗೆ ನೀವು ನನಗೆ ಬೇಕು."

ಇದನ್ನೆಲ್ಲ ಭಟ್ಟರೇ ನನಗೆ ಹೇಳಿದ್ದು. ಕೊನೆಯ ಮಾತನ್ನು ಹೇಳುವಾಗ ಕೋಟಿನ ಗುಂಡಿಯನ್ನು ತಿರುವುತ್ತ, ಆ ಗುಂಡಿಯ ದಾರ ಸಡಿಲವಾಗಿದೆ ಎಂದು ಸೇರಿಸಿದರು.

ಅದೇ ಸಂಜೆ ಪರಮೇಶ್ವರಿ ತಾವೇ ನಿತ್ಯಾನಂದ ಪೈಗಳನ್ನು ಕಂಡು ಮನೆ ಮಾರಿಕೊಡಲು ಒಪ್ಪಿಸಿದರು. ಪೈಗಳದು ಒಂದೇ ಷರತ್ತು: ನೋಡಲು ಜನ ಬರುವಾಗ ಭಟ್ಟರು ಮನೆಯಲ್ಲಿರಕೂಡದು. ಅತ್ತ ಭಟ್ಟರದೂ ಒಂದು ಷರತ್ತು: ಸುಳ್ಳು ಹೇಳಕೂಡದು. ಪೈಗಳು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಸುಳ್ಳು ಹೇಳಿ ಒಂದು ಮನೆ ಮಾರಬಹುದು ಭಟ್ರೇ, ಎರಡನೆಯದು ಆಗುದಿಲ್ಲ. ನಾನು ಈ ಊರಲ್ಲೇ ಸಾಯಬೇಕಾದವ" ಎಂದರು. ಭಟ್ಟರಿಗೆ ನಂಬಿಕೆ ಬರಲಿಲ್ಲ. ಆದರೆ ಹೆಂಡತಿಯ ಕಣ್ಣು ತಮ್ಮ ಮೇಲಿತ್ತು.

ಪೈಗಳು ಗಿರಾಕಿಯನ್ನು ಕರೆತಂದ ದಿನ ಭಟ್ಟರು ಗಡೀಪಾರಾದ ಅರಸನಂತೆ ನನ್ನ ಮನೆಯ ಜಗಲಿಯಲ್ಲಿ ಕಾಲ ಕಳೆದರು. ಕೂತರು, ಎದ್ದರು, ಗೇಟಿನವರೆಗೆ ಹೋದರು. "ಈಗ ಅಡುಗೆಮನೆಗೆ ಬಂದಿರಬಹುದು. ಅಲ್ಲಿ ಹೊಗೆ ಹೋಗುವ ಗೂಡು ಸಣ್ಣದಾಯಿತು ಅಂತ ಹೇಳ್ತಾನೋ ಇಲ್ಲವೋ ಆಸಾಮಿ" ಎಂದು ಗೊಣಗಿದರು. ಪಾಲಾರಿವಟ್ಟಂ ಜಂಕ್ಷನ್ನಿನಿಂದ ತ್ರಿಪ್ಪುಣಿತ್ತುರದ ಬಸ್ಸು ಹೋದ ಸದ್ದು ಕೇಳಿದಾಗಲೆಲ್ಲ ಅವರ ಕಾಲು ಚಡಪಡಿಸುತ್ತಿತ್ತು. ಕಡೆಗೆ ಮನಸ್ಸಿನ ನೆಮ್ಮದಿಗಾಗಿ ನನ್ನ ಮನೆಯನ್ನೇ ಒಂದು ಸುತ್ತು ಪರೀಕ್ಷಿಸಿ ಮೂರು ದೋಷಗಳನ್ನು ಕಂಡುಹಿಡಿದರು. ಎರಡು ನನಗೆ ಗೊತ್ತಿರಲಿಲ್ಲ.

ಗಿರಾಕಿ ಮತ್ತಾಯಿ ಎಂಬ ವ್ಯಾಪಾರಿ. ಪಾಲಾರಿವಟ್ಟಂನಲ್ಲೇ ನೀರಿನ ಪಂಪುಗಳ ಅಂಗಡಿ ಇಟ್ಟವರು. ಮನೆ ಅವರಿಗೂ ಅವರ ಹೆಂಡತಿ ಅನ್ನಮ್ಮನಿಗೂ ಹಿಡಿಸಿತು. ಕರಾರು ಬರೆಯುವ ದಿನ ಗೊತ್ತಾಯಿತು. ಮನೆ ಭಟ್ಟರ ಹೆಸರಿನಲ್ಲಿದ್ದುದರಿಂದ ಅಂದು ಅವರನ್ನು ಗಡೀಪಾರು ಮಾಡುವ ಹಾಗಿರಲಿಲ್ಲ. ಸಾಕ್ಷಿ ಹಾಕಲು ನನ್ನನ್ನೂ ಕರೆದಿದ್ದರು. ನಡುಮನೆಯಲ್ಲಿ ಎಲ್ಲರೂ ಕೂತೆವು. ಪರಮೇಶ್ವರಿ ಗಂಡನ ಪಕ್ಕದಲ್ಲಿ ತೀರ ಒತ್ತಾಗಿ ಕುಳಿತಿದ್ದರು, ಅಗತ್ಯ ಬಿದ್ದರೆ ಚಿವುಟಲು ಅನುಕೂಲವಾಗುವಷ್ಟು. ಭಟ್ಟರು ಪೆನ್ನು ತೆಗೆದುಕೊಂಡರು, ಕಾಗದದವರೆಗೆ ಒಯ್ದರು, ನಿಲ್ಲಿಸಿದರು.

"ಒಂದು ಮಾತು" ಎಂದರು.

ಪೈಗಳು ಕಣ್ಣು ಮುಚ್ಚಿಕೊಂಡರು. ಪರಮೇಶ್ವರಿ ಚಿವುಟಿದ್ದು ನನಗೆ ಕಾಣಿಸಿತು. ಫಲವಾಗಲಿಲ್ಲ. ಭಟ್ಟರು ತಮ್ಮ ಅಚ್ಚುಕಟ್ಟಾದ ಮಲಯಾಳದಲ್ಲಿ ಆರಂಭಿಸಿದರು: ಹಿಂದಿನ ಅಂಗಳದ ನೀರು, ಬಾವಿಯ ಕಬ್ಬಿಣ, ಪಶ್ಚಿಮದ ಕಿಟಕಿ, ಗೆದ್ದಲ ಪೂರ್ವೇತಿಹಾಸ, ಚೆಂಡೆ, ಮಾಡಿನ ಮೇಲೆ ಬೀಳುವ ಹಲಸಿನಕಾಯಿ. ಒಂದೂ ಬಿಡಲಿಲ್ಲ. ಹೇಳಿ ಮುಗಿಸಿ, ಶಿಕ್ಷೆಗೆ ಸಿದ್ಧವಾದವರಂತೆ ಪೆನ್ನನ್ನು ಮೇಜಿನ ಮೇಲಿಟ್ಟರು.

ಮತ್ತಾಯಿ ನಿರಾಳವಾಗಿ ನಕ್ಕರು. "ಅದೊಕ್ಕೆ ಪೈಚ್ಚೇಟ್ಟನ್ ಪರಞ್ಞಲ್ಲೋ ಸಾರೇ!"

ಅದೆಲ್ಲವನ್ನೂ ಪೈಯಣ್ಣ ಆಗಲೇ ಹೇಳಿದ್ದಾನೆ! ಭಟ್ಟರು ಪೈಗಳತ್ತ ತಿರುಗಿದರು.

"ಹೇಳದೆ ಎಂತ ಮಾಡುದು?" ಎಂದರು ಪೈಗಳು ಕಣ್ಣು ತೆರೆದು. "ನಿಮ್ಮ ಮನೆಯ ಕುಂದು ಪೇಪರಿನಲ್ಲಿ ಬಂದಿದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಬಾಯಿಪಾಠ. ಮುಚ್ಚಿಟ್ಟರೆ ನನ್ನನ್ನು ನೋಡಿ ನಗುತ್ತಿದ್ದರು. ಅಂಗಳದಲ್ಲಿ ನೀರು ನಿಲ್ತದೆ ಅಂದಾಗಲೇ ನನಗೆ ಪಂಪಿನ ಅಂಗಡಿಯವರ ನೆನಪಾದದ್ದು. ಕುಂದೆಲ್ಲ ನೀವು ಕಲಿಸಿಕೊಟ್ಟದ್ದು, ನಾನು ಒಪ್ಪಿಸಿದೆ ಅಷ್ಟೆ. ಉಳಿದದ್ದನ್ನು ಮಾತ್ರ ನಾನು ನೋಡಿ ಹೇಳಿದ್ದು."

"ಉಳಿದದ್ದು ಯಾವುದು?"

ಅದಕ್ಕೆ ಉತ್ತರ ಕೊಟ್ಟವರು ಮತ್ತಾಯಿ. ಎಂಬತ್ತಮೂರರ ಬರಗಾಲದಲ್ಲಿ ಊರಿನ ಬಾವಿಗಳೆಲ್ಲ ಬತ್ತಿದ್ದಾಗ ಈ ಬಾವಿ ಬತ್ತಲಿಲ್ಲವಂತೆ, ಗಲ್ಲಿಯವರೆಲ್ಲ ಇಲ್ಲಿಂದಲೇ ನೀರು ಒಯ್ದರಂತೆ. ಅಡುಗೆಮನೆಗೆ ಬೆಳಗಿನ ಬಿಸಿಲು ನೇರವಾಗಿ ಬರುತ್ತದಂತೆ. ಅನ್ನಮ್ಮನಿಗೆ ಅದೊಂದೇ ಸಾಕಾಯಿತಂತೆ. ಮುಚ್ಚದ ಆ ಪಶ್ಚಿಮದ ಕಿಟಕಿಯಿಂದ ಸಂಜೆ ಹಿನ್ನೀರಿನ ಕಡೆಯ ಗಾಳಿ ಬಂದು ನಡುಮನೆಯಲ್ಲಿ ಫ್ಯಾನೇ ಬೇಡವಾಗುತ್ತದೆಂದು ಪೈಗಳು ಅಲ್ಲೇ ನಿಲ್ಲಿಸಿ ತೋರಿಸಿದರಂತೆ. ನೆರೆಯವರು ಹಲಸಿನ ಹಣ್ಣಿನಲ್ಲಿ ಅರ್ಧವನ್ನು ಪ್ರತಿ ವರ್ಷ ಈ ಮನೆಗೇ ಕೊಡುವುದು ವಾಡಿಕೆಯಂತೆ. ಈಗಿನ ಮಾಲೀಕರು ಒಂದು ದಿನವೂ ಯಾರೊಡನೆಯೂ ಜಗಳ ಮಾಡಿದವರಲ್ಲವಾದ್ದರಿಂದ ಗಡಿಯ ತಕರಾರು ಎಂಬುದೇ ಇಲ್ಲವಂತೆ.

ಭಟ್ಟರು ಕೇಳುತ್ತ ಕೇಳುತ್ತ ಸುತ್ತ ನೋಡತೊಡಗಿದರು, ಪರರ ಮನೆಗೆ ಮೊದಲ ಸಲ ಬಂದವರಂತೆ. ಪಶ್ಚಿಮದ ಕಿಟಕಿಯನ್ನು ನೋಡಿದರು. ಅಡುಗೆಮನೆಯ ಬಾಗಿಲನ್ನು ನೋಡಿದರು. ಅಲ್ಲಿ ಒಂದೂ ಹೊಸ ಸಂಗತಿಯಿರಲಿಲ್ಲ. ಆದರೂ ಒಂದನ್ನೂ ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಯ ಕಡೆ ಬಾಗಿ, ಗುಟ್ಟು ಹೇಳುವವರಂತೆ, ಆದರೆ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಪರಮೇಶ್ವರೀ, ನಮ್ಮ ಮನೆ ಇಷ್ಟು ಒಳ್ಳೆಯದಾ? ಹಾಗಾದರೆ ನಾವು ಎಂತಕ್ಕೆ ಮಾರುದು?" ಎಂದರು.

ಪರಮೇಶ್ವರಿ ಮೇಜಿನಿಂದ ಪೆನ್ನೆತ್ತಿ ಅವರ ಬೆರಳುಗಳ ನಡುವೆ ಸಿಕ್ಕಿಸಿದರು. "ಮೊದಲು ಸೈನ್ ಹಾಕಿ. ಉಳಿದದ್ದು ರೈಲಿನಲ್ಲಿ ಹೇಳ್ತೇನೆ."

ಸಹಿ ಬಿತ್ತು. ಪೈಗಳಿಗೆ ಸಲ್ಲಬೇಕಾದ ದಲ್ಲಾಳಿ ಹಣವನ್ನು ಭಟ್ಟರು ಲಕೋಟೆಯಲ್ಲಿಟ್ಟು ಎರಡೂ ಕೈಗಳಿಂದ, ದಕ್ಷಿಣೆಯ ಗೌರವದಲ್ಲಿ, ಕೊಟ್ಟರು. "ಮೊದಲೇ ಹೇಳಿಬಿಡ್ತೇನೆ, ಅದರಲ್ಲಿ ಒಂದು ನೋಟು ಸ್ವಲ್ಪ ಹರಿದಿದೆ" ಎಂದರು. ಪೈಗಳು ತೆರೆದು ನೋಡದೆ ಜೇಬಿಗಿಳಿಸಿದರು.

ತಿರುವನಂತಪುರದಲ್ಲಿ ಮನೆ ಕೊಳ್ಳುವಾಗಿನ ಭಟ್ಟರ ಕಷ್ಟ ಇನ್ನೊಂದು ಬಗೆಯದು. ನಿವೃತ್ತ ಎಂಜಿನಿಯರರೊಬ್ಬರು ತಮ್ಮ ಮನೆಯನ್ನು ತಾವೇ ಮಾರುತ್ತಿದ್ದರು. ಕೇಳಿದರೆ ಕುಂದೇ ಇಲ್ಲವೆನ್ನುತ್ತಿದ್ದರು. ಭಟ್ಟರು ನಾಲ್ಕಾರು ಸಲ ಹೋಗಿ ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಅಟ್ಟ ಹತ್ತಿ ನೋಡಿದರು. ನಿಜವಾಗಿಯೂ ಏನೂ ಸಿಗಲಿಲ್ಲ. "ಸಣ್ಣ ದೋಷ ಒಂದೂ ಇಲ್ಲದಿದ್ದರೆ ದೊಡ್ಡದೇ ಎಲ್ಲೋ ಇರಬೇಕು" ಎಂದು ಬಿಟ್ಟುಬಂದರು. ಪರಮೇಶ್ವರಿಗೆ ರೇಗಿತು. ಕಡೆಗೆ ಚಾಲೈ ಪೇಟೆಯಲ್ಲಿ ಅವರು ತೆಂಗಿನೆಣ್ಣೆ ಕೊಳ್ಳುತ್ತಿದ್ದ ಅಂಗಡಿಯವರು, ಮನೆ ದಲ್ಲಾಳಿತನವನ್ನೂ ಒಂದು ಕೈ ನೋಡುತ್ತಿದ್ದವರು, ಕರಮನದಲ್ಲೇ ಒಂದು ಮನೆ ತೋರಿಸಿ, ಸ್ನಾನದ ಮನೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆಂದು ತಾವಾಗಿ ಹೇಳಿದರು. ಭಟ್ಟರ ಮುಖ ಅರಳಿತು. ಆ ಮನೆಯನ್ನೇ ಕೊಂಡರು. ಬಾಗಿಲು ಇಂದಿಗೂ ಕಚ್ಚಿಕೊಳ್ಳುತ್ತದೆ.

ಗುರುತಿಲ್ಲದ ಊರಿನಲ್ಲಿ ಏನು ಮಾಡುವುದೆಂಬ ಅವರ ಅಂಜಿಕೆ ಬಹುಕಾಲ ಬಾಳಲಿಲ್ಲ. ಬಾಹ್ಯಾಕಾಶ ಕೇಂದ್ರಕ್ಕೆ ಮೈಸೂರಿನಿಂದ ವರ್ಗವಾಗಿ ಬಂದ ಉಮಾಮಹೇಶ್ವರ ಎಂಬ ವಿಜ್ಞಾನಿಗೆ ಬಾಡಿಗೆ ಮನೆ ಬೇಕಿತ್ತು. ಯಾರೋ ಭಟ್ಟರ ಹೆಸರು ಹೇಳಿದರು. ಅಂದಿನಿಂದ ಆ ಊರಿಗೆ ಬಂದ ಕನ್ನಡದ ಸಂಸಾರಗಳೆಲ್ಲ ಕರಮನದ ಆ ಬಾಗಿಲು ತಟ್ಟಿಯೇ ಮುಂದೆ ಹೋದವು. "ಭಟ್ರು ಜೊತೇಲಿ ಬಂದ್ರೆ ಓನರ್‌ಗಳಿಗೆ ಹೆದರಿಕೆ, ನಮಗೆ ಧೈರ್ಯ ಕಣ್ರೀ" ಎಂದು ಉಮಾಮಹೇಶ್ವರರ ಹೆಂಡತಿ ಪ್ರೇಮಾ ನನಗೆ ಹೇಳಿದ್ದರು. ಸಂಜೆಯ ಹೊತ್ತು ಮಾತ್ರ ಭಟ್ಟರು ಯಾರಿಗೂ ಸಿಗುತ್ತಿರಲಿಲ್ಲ. ಆಫೀಸಿನಿಂದ ಬರುವ ಹೆಂಡತಿಗಾಗಿ ಬಸ್ ನಿಲ್ದಾಣದಲ್ಲಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ನಿಂತಿರುತ್ತಿದ್ದರು.

ಮೂರು ವರ್ಷದ ಮೇಲೆ ಮಟ್ಟಾಂಚೇರಿಯಿಂದ ನಿತ್ಯಾನಂದ ಪೈಗಳು ಫೋನು ಮಾಡಿದರು. ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದರು, ಅವರ ಸ್ವಂತ ಮನೆಯನ್ನೇ ಮಾರಬೇಕಾಗಿತ್ತು. ಊರಿಗೆಲ್ಲ ಮನೆ ಮಾರಿದ ಆ ಬಾಯಿಗೆ ತನ್ನ ಮನೆಯ ಮಾತು ಬಂದಾಗ ಕಷ್ಟಕ್ಕಿಟ್ಟುಕೊಂಡಿತ್ತು. "ನಾನು ಒಳ್ಳೆಯದು ಹೇಳಿದರೆ, ಬ್ರೋಕರ್ ಅಲ್ಲವಾ, ಹೇಳಿಯೇ ಹೇಳ್ತಾನೆ ಅಂತಾರೆ ಭಟ್ರೇ. ಕುಂದು ಹೇಳುವ ಅಂದರೆ, ನಾನು ಹುಟ್ಟಿದ ಮನೆ, ನನ್ನ ಕಣ್ಣಿಗೆ ಕುಂದೇ ಕಾಣುದಿಲ್ಲ. ನೀವೊಮ್ಮೆ ಬನ್ನಿ."

ಭಟ್ಟರು ಮರುದಿನದ ರೈಲಿಗೇ ಹೊರಟರು. ಆ ಹಳೆಯ ಮನೆಯ ಕತ್ತಲೆಯ ಕೋಣೆಗಳಲ್ಲಿ ಒಂದು ಇಡೀ ದಿನ ಓಡಾಡಿ, ಒರಳುಕಲ್ಲಿನ ಕೆಳಗೆ ಸಹ ಇಣುಕಿ, ಮರುದಿನ ನೋಡಲು ಬಂದವರಿಗೆ ಸೋರುವ ಮಾಡಿನ ಒಂದೊಂದು ಜಾಗವನ್ನೂ ತೋರಿಸಿಕೊಟ್ಟರು. ಪೈಗಳು ಹೊರಗೆ ಸ್ಕೂಟರಿನ ಮೇಲೆ ಕೂತು, ಮಗಳ ಕನ್ಯಾಪರೀಕ್ಷೆಯ ದಿನದ ತಂದೆಯಂತೆ ಬೆವರೊರೆಸಿಕೊಂಡರು. ಮನೆ ಮಾರಿಹೋಯಿತು. ಪೈಗಳು ನೂರಕ್ಕೆ ಎರಡನ್ನು ಮುಂದೆ ಚಾಚಿದರೆ ಭಟ್ಟರು ಹಿಂದಕ್ಕೆ ತಳ್ಳಿದರು. ಇಬ್ಬರೂ ದೊಡ್ಡ ಜಗಳವಾಡಿ, ಕಡೆಗೆ ಆ ಹಣದಲ್ಲಿ ಊಟ ಮಾಡಿದರು.

ತನ್ನದನ್ನು ಹೊಗಳಲು ಬಾರದ ಇಂಥವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಬಾಯಿಮಾತಿನಿಂದಲೇ ಹೊಟ್ಟೆ ಹೊರೆಯಬೇಕಾದ ಸಂತೆಯಲ್ಲಿ ಅವರ ಅಂಗಡಿ ನಡೆಯುವುದಿಲ್ಲ. ನಾವೂ ಅವರನ್ನು ಕಂಡು ನಗುತ್ತೇವೆ, ಅವರ ಹೆಂಡಿರು ತಲೆ ಚಚ್ಚಿಕೊಳ್ಳುತ್ತಾರೆ. ತಮ್ಮ ಮನೆ ಒಳ್ಳೆಯದೆಂದು ತಿಳಿಯಲು ಅವರಿಗೆ ಇನ್ನೊಬ್ಬರ ಬಾಯಿ ಬೇಕು, ತಮ್ಮ ಬದುಕು ಒಳ್ಳೆಯದೆಂದು ತಿಳಿಯಲೂ ಬಹುಶಃ ಹಾಗೆಯೇ. ಆದರೆ ಗಂಟುಮೂಟೆ ಕಟ್ಟಿಕೊಂಡು ಊರಿಂದೂರಿಗೆ ಹೊರಟಾಗ, ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದು, ಇದನ್ನು ಯಾರ ಹತ್ತಿರ ಕೊಟ್ಟು ಹೋಗಲಿ ಎಂದು ಬೀದಿಯಲ್ಲಿ ನಿಂತು ಯೋಚಿಸಿದರೆ, ಕಾಲು ತಾನಾಗಿ ತಿರುಗುವುದು ಅವರ ಮನೆಯ ಕಡೆಗೇ.